ಚೆರ್ವೊನೆಟ್ಸ್ ಕಟ್ಟಿದ ಬೊಲ್ಶೆವಿಕ

ಸೋವಿಯತ್ ಕ್ರಾಂತಿಯ ಮೊದಲ ತಲೆಮಾರಿನವರಲ್ಲಿ ಟ್ರಾಟ್ಸ್ಕಿ, ಬುಖಾರಿನ್ ಅವರ ಹೆಸರುಗಳು ನಮ್ಮಲ್ಲಿ ಅಷ್ಟಿಷ್ಟು ಪರಿಚಿತ. ಗ್ರಿಗೊರಿ ಸೊಕೊಲ್ನಿಕೋವ್ ಹೆಸರು ಕೇಳಿದವರು ವಿರಳ. ನನಗಾದರೋ ಈತನ ಬಗ್ಗೆಯೇ ಹೆಚ್ಚು ಕುತೂಹಲ. ಖಾಸಗಿ ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತಂದವರಲ್ಲಿ ಒಬ್ಬನಾದ ಈ ಬೊಲ್ಶೆವಿಕನೇ ಐದು ವರ್ಷ ಕಳೆಯುವಷ್ಟರಲ್ಲಿ ಚಿನ್ನದ ಬೆಂಬಲವಿರುವ ಹಣವನ್ನು ಚಲಾವಣೆಗೆ ತಂದ.

1888ರಲ್ಲಿ ಇಂದಿನ ಉಕ್ರೇನಿನ ರೊಮ್ನಿಯಲ್ಲಿ, ಯಹೂದಿ ಮನೆತನವೊಂದರಲ್ಲಿ ಹುಟ್ಟಿದ ಈತನ ಮೂಲ ಹೆಸರು ಗಿರ್ಶ್ ಬ್ರಿಲಿಯಂಟ್. 1905ರಲ್ಲಿ ಲೆನಿನ್‌ರ ಬೊಲ್ಶೆವಿಕ್ ಪಕ್ಷ ಸೇರಿದ. ಸೈಬೀರಿಯಾಕ್ಕೆ ಗಡೀಪಾರಾದಾಗ ಅಲ್ಲಿಂದ ತಪ್ಪಿಸಿಕೊಂಡು ಪ್ಯಾರಿಸ್ ಸೇರಿ ಕಾನೂನು ಮತ್ತು ಅರ್ಥಶಾಸ್ತ್ರ ಓದಿದ. 1917ರಲ್ಲಿ ಲೆನಿನ್‌ರನ್ನು ಜರ್ಮನಿಯ ಮೂಲಕ ಕರೆತಂದ ರೈಲಿನಲ್ಲಿ ಈತನೂ ಇದ್ದ. ಮರುವರ್ಷ ಮಾರ್ಚ್ 3ರಂದು, ಜರ್ಮನಿಯ ಪಾಳೆಯದೊಂದಿಗಿನ ಯುದ್ಧ ನಿಲ್ಲಿಸಲು ಅಪಾರ ನೆಲವನ್ನು ಬಿಟ್ಟುಕೊಡಬೇಕಾಗಿದ್ದ ಬ್ರೆಸ್ಟ್-ಲಿಟೊವ್‌ಸ್ಕ್ ಒಪ್ಪಂದಕ್ಕೆ ಸೋವಿಯತ್ ನಿಯೋಗದ ಪರವಾಗಿ ಸಹಿ ಹಾಕಿದ. ಅಪ್ರಿಯವಾದ ಕೆಲಸಗಳು ಇವನ ಪಾಲಿಗೇ ಬರುತ್ತಿದ್ದವೇನೋ!

ಮುಂದೆ ಆತ ವಹಿಸಿಕೊಂಡ ಹಣಕಾಸು ಖಾತೆಯೂ ಅಂಥದ್ದೇ. ಅಂತರ್ಯುದ್ಧದ ಕಾಲದಲ್ಲಿ ನೋಟು ಮುದ್ರಿಸಿಯೇ ಖರ್ಚು ತೂಗಿಸಿದ್ದರು. ನೋಟಿನ ಅಚ್ಚುಯಂತ್ರವನ್ನು ಹಣಕಾಸು ಇಲಾಖೆಯ ಮೆಷಿನ್ ಗನ್ ಎಂದು ಬೊಲ್ಶೆವಿಕ್ ಅರ್ಥಶಾಸ್ತ್ರಜ್ಞ ಪ್ರಿಯೊಬ್ರಾಜೆನ್ಸ್ಕಿ ಹೊಗಳಿದ್ದುಂಟು. ಆದರೆ ನಾಳೆ ಬೆಲೆ ಕಳೆದುಕೊಳ್ಳುವ ಕಾಗದಕ್ಕೆ ರೈತ ಧಾನ್ಯವನ್ನೇಕೆ ಕೊಟ್ಟಾನು? 1922ರ ಕೊನೆಯಲ್ಲಿ ಸ್ಟೇಟ್ ಬ್ಯಾಂಕ್ ಹೊರತಂದ ಚೆರ್ವೊನೆಟ್ಸ್ ಎಂಬ ಹೊಸ ನೋಟೇ ಈ ಪ್ರಶ್ನೆಗೆ ಸೊಕೊಲ್ನಿಕೋವ್ ಕೊಟ್ಟ ಉತ್ತರ. ತ್ಸಾರ್ ಕಾಲದ ಹತ್ತು ರೂಬಲ್ ನಾಣ್ಯದಲ್ಲಿದ್ದಷ್ಟೇ, ಅಂದರೆ 7.74 ಗ್ರಾಂ ಚಿನ್ನಕ್ಕೆ ಒಂದು ಚೆರ್ವೊನೆಟ್ಸ್ ಸಮ. ಹೊರಬಿದ್ದ ನೋಟುಗಳ ಮೌಲ್ಯದಲ್ಲಿ ಕನಿಷ್ಠ 25 ಶೇಕಡಾ ಚಿನ್ನ, ಬೆಳ್ಳಿಯಂಥ ಲೋಹ ಮತ್ತು ಸ್ಥಿರ ವಿದೇಶಿ ಹಣದ ರೂಪದಲ್ಲಿ ಬ್ಯಾಂಕಿನಲ್ಲಿರಬೇಕೆಂಬುದು ನಿಯಮ. ಈ ಕೆಲಸಕ್ಕೆ ತ್ಸಾರ್ ಸರ್ಕಾರದಲ್ಲಿ ಮಂತ್ರಿಯಾಗಿದ್ದ ನಿಕೊಲಾಯ್ ಕುಟ್ಲರ್ ಅವರ ನೆರವು ಪಡೆಯಲೂ ಆತ ಹಿಂಜರಿಯಲಿಲ್ಲ. ಸುಮಾರು ಒಂದೂಕಾಲು ವರ್ಷ, ದಿನದಿನಕ್ಕೂ ಕುಸಿಯುತ್ತಿದ್ದ ಹಳೆಯ ನೋಟು ಮತ್ತು ಗಟ್ಟಿಯಾಗಿ ನಿಂತ ಚೆರ್ವೊನೆಟ್ಸ್ ಎರಡೂ ಒಟ್ಟಿಗೇ ಚಲಾವಣೆಯಲ್ಲಿದ್ದವು. 1924ರಲ್ಲಿ ಹಳೆಯದನ್ನು ಹಿಂಪಡೆದಾಗ 1923ರ ಮಾದರಿಯ 50,000 ರೂಬಲ್‌ಗೆ ಸಿಕ್ಕಿದ್ದು ಒಂದೇ ಒಂದು ಹೊಸ ರೂಬಲ್, ಅಂದರೆ ಚೆರ್ವೊನೆಟ್ಸಿನ ಹತ್ತನೆಯ ಒಂದು ಪಾಲು. ಆ 1923ರ ರೂಬಲ್ಲೇ ಅದಕ್ಕೂ ಹಿಂದಿನ ಹತ್ತು ಲಕ್ಷ ರೂಬಲ್‌ಗೆ ಸಮವಾಗಿತ್ತು ಎಂಬುದನ್ನು ನೆನೆದರೆ ಆತ ಯಾವ ಪಾತಾಳದಿಂದ ಹಣವನ್ನು ಮೇಲೆತ್ತಿದ ಎಂಬುದು ತಿಳಿಯುತ್ತದೆ.

ಲೆಕ್ಕದಲ್ಲಿ ಎಷ್ಟು ಎಚ್ಚರವೋ ಪಕ್ಷದ ರಾಜಕಾರಣದಲ್ಲಿ ಅಷ್ಟೇ ನಿರ್ಭೀತಿ. 1925ರ ಡಿಸೆಂಬರಿನ ಹದಿನಾಲ್ಕನೆಯ ಮಹಾಧಿವೇಶನದಲ್ಲಿ, ಸ್ಟಾಲಿನ್ ಪ್ರಧಾನ ಕಾರ್ಯದರ್ಶಿಯಾಗಿ ಮುಂದುವರಿಯುವುದನ್ನು ಆತ ಬಹಿರಂಗವಾಗಿ ವಿರೋಧಿಸಿದ. ಮುಂದಿನ ತಿಂಗಳೇ ಹಣಕಾಸು ಖಾತೆ ಕೈತಪ್ಪಿತು. ಆ 1926ರಲ್ಲೇ ಚೆರ್ವೊನೆಟ್ಸನ್ನು ದೇಶದಿಂದ ಹೊರಗೊಯ್ಯುವುದೂ ನಿಷಿದ್ಧವಾಯಿತು. ಕೈಗಾರಿಕೀಕರಣದ ಭರದಲ್ಲಿ ಅದರ ಚಿನ್ನದ ನಂಟು ಬರಬರುತ್ತಾ ಹೆಸರಿಗಷ್ಟೇ ಉಳಿಯಿತು.

1929ರಿಂದ 1932ರವರೆಗೆ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದವನನ್ನು 1936ರಲ್ಲಿ ಬಂಧಿಸಿದರು. ದೇಶದ್ರೋಹದ ಸುಳ್ಳು ಆರೋಪ ಹೊರಿಸಿ ನಡೆಸಿದ 1937ರ ಜನವರಿಯ ಮಾಸ್ಕೋ ವಿಚಾರಣೆಯ ಹದಿನೇಳು ಆರೋಪಿಗಳಲ್ಲಿ ಹದಿಮೂರು ಮಂದಿಗೆ ಮರಣದಂಡನೆಯಾಯಿತು. ಸೊಕೊಲ್ನಿಕೋವ್‌ಗೆ ಸಿಕ್ಕಿದ್ದು ಹತ್ತು ವರ್ಷಗಳ ಸೆರೆವಾಸ. ಅದನ್ನೂ ಪೂರೈಸಗೊಡಲಿಲ್ಲ: 1939ರ ಮೇ ತಿಂಗಳಲ್ಲಿ ಆತನನ್ನು ಸೆರೆಮನೆಯೊಳಗೇ ಕೊಲ್ಲಿಸಿದರು. ಪತ್ನಿ, ಲೇಖಕಿ ಗಲಿನಾ ಸೆರೆಬ್ರಿಯಕೋವಾ ಮಾತ್ರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಜೀವಂತ ಮರಳಿದರು. ಆತ ನಿರಪರಾಧಿಯೆಂದು ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1988ರಲ್ಲಿ, ಆತ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ.