ಯಾರ ಕೈಗೆ ಯಾವ ಲೋಕ: ಹದಿನಾಲ್ಕು ವಾರಗಳ ಓದಿನ ದಾಖಲೆ

ಮೊದಲ ವಾರ

ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ನನಗೆ ಅತ್ಯಂತ ಪ್ರಿಯವಾದ ಕಾದಂಬರಿ. 1965ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಆ ಪ್ರೀತಿಯಿಂದಲೇ ಅದನ್ನು ಅತ್ತಿಗೆಯವರ ಕೈಗೆ ಕೊಟ್ಟಿದ್ದೆ. ಅತ್ತಿಗೆ ಸಾಮಾನ್ಯ ಓದುಗರಲ್ಲ. ಪತ್ತೇದಾರಿ ಕಾದಂಬರಿ, ಸಾಮಾಜಿಕ ಕಾದಂಬರಿ, ಆತ್ಮಕಥೆ ಹೀಗೆ ಏನನ್ನೇ ಹಿಡಿದರೂ ಮುಗಿಸದೆ ಕೆಳಗಿಡುವವರಲ್ಲ. ಎರಡು ವಾರಗಳ ನಂತರ ಪುಸ್ತಕ ನನಗೆ ಮರಳಿ ಬಂದಾಗ ಪುಟಗುರುತು ಮೊದಲ ಅಧ್ಯಾಯವನ್ನೂ ಸರಿಯಾಗಿ ದಾಟಿರಲಿಲ್ಲ. “ನನಗೆ ಈ ವಿಜ್ಞಾನ ಎಲ್ಲ ತಲೆಗೆ ಹತ್ತೋದಿಲ್ಲಪ್ಪ, ಇದನ್ನು ನೀನೇ ಇಟ್ಟುಕೋ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ‘ಡ್ಯೂನ್’ನ ಮೊದಲ ಅಧ್ಯಾಯದಲ್ಲಿ ತಲೆಗೆ ಹತ್ತದಂತಹ ವಿಜ್ಞಾನವೇ ಇಲ್ಲ. ಒಬ್ಬ ಹುಡುಗ, ಅವನ ತಾಯಿ, ಅವನನ್ನು ಪರೀಕ್ಷಿಸಲು ಬಂದ ಒಬ್ಬ ಮುದುಕಿ, ಕೈಯನ್ನು ಒಳಗಿಡಬೇಕಾದ ಒಂದು ಪೆಟ್ಟಿಗೆ, ಅಷ್ಟೇ. ಹಾಗಾದರೆ ಅತ್ತಿಗೆಯವರನ್ನು ತಡೆದದ್ದು ಏನು? ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿ, ವೈಜ್ಞಾನಿಕ ಕಾದಂಬರಿ ಮತ್ತು ಫ್ಯಾಂಟಸಿ ತಮಗೆ ಒಗ್ಗುವುದಿಲ್ಲ ಎಂದು ನಂಬಿರುವ ನನ್ನ ಹತ್ತಿರದ ಐದು ಮಂದಿಗೆ ಅವರವರ ಅಭಿರುಚಿಗೆ ಹೊಂದುವ ಒಂದೊಂದು ಪುಸ್ತಕವನ್ನಾದರೂ ಹುಡುಕಿಕೊಡಬೇಕೆಂದು ನಿಶ್ಚಯಿಸಿ, ಒಂದು ನೋಟ್‌ಬುಕ್ ತೆರೆದೆ.

ಎರಡನೆಯ ವಾರ

ಮೊದಲು ಪ್ರಶಸ್ತಿಗಳ ಪಟ್ಟಿಯಿಂದ ಆರಂಭಿಸಿದೆ. 1953ರಿಂದ ಕೊಡಲಾಗುತ್ತಿರುವ ಹ್ಯೂಗೋ ಪ್ರಶಸ್ತಿಯನ್ನು ವಿಶ್ವ ವೈಜ್ಞಾನಿಕ ಸಾಹಿತ್ಯ ಸಮಾವೇಶದ ಸದಸ್ಯರಾದ ಓದುಗರೇ ಮತ ಹಾಕಿ ಆರಿಸುತ್ತಾರೆ. ನೆಬ್ಯುಲಾ ಪ್ರಶಸ್ತಿಯನ್ನು ಆರಿಸುವವರು ಲೇಖಕರು. ಇವೆರಡನ್ನೂ ಪಡೆದ ಕಾದಂಬರಿಗಳನ್ನು ಗುರುತು ಹಾಕಿಕೊಂಡರೆ, ಓದುಗರೂ ಬರಹಗಾರರೂ ಒಪ್ಪಿದ ಪುಸ್ತಕಗಳು ಸಿಗುತ್ತವೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಪಟ್ಟಿಯೇನೋ ಚೆನ್ನಾಗಿಯೇ ಬಂತು: ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’, ಆರ್ಥರ್ ಸಿ. ಕ್ಲಾರ್ಕ್ ಅವರ ‘ರಾಂಡೆವೂ ವಿತ್ ರಾಮ’ ಎಲ್ಲವೂ ಅದರಲ್ಲಿದ್ದವು. ಆದರೆ ‘ಡ್ಯೂನ್’ ಕೂಡ ಅದೇ ಪಟ್ಟಿಯಲ್ಲಿತ್ತು. ಒಂದು ಪುಸ್ತಕ ಒಳ್ಳೆಯದು ಎಂಬುದನ್ನು ಪಟ್ಟಿ ಹೇಳಬಲ್ಲದು. ಅದು ಅತ್ತಿಗೆಯವರಿಗೆ ಹಿಡಿಸುತ್ತದೆಯೇ ಎಂಬುದನ್ನು ಹೇಳಲಾರದು.

ಆದ್ದರಿಂದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಐವರನ್ನೂ ಎರಡೇ ಪ್ರಶ್ನೆ ಕೇಳಿದೆ. ಇತ್ತೀಚೆಗೆ ನಿದ್ದೆಗೆಟ್ಟು ಓದಿದ ಪುಸ್ತಕ ಯಾವುದು? ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಬಿಟ್ಟದ್ದು ಯಾವ ಜಾಗದಲ್ಲಿ? ಎರಡನೆಯ ಪ್ರಶ್ನೆಯೇ ಹೆಚ್ಚು ಫಲ ಕೊಟ್ಟಿತು. ಇಷ್ಟವಾದ ಪುಸ್ತಕದ ಬಗ್ಗೆ ಕೇಳಿದರೆ ಎಲ್ಲರೂ “ಕಥೆ ಚೆನ್ನಾಗಿತ್ತು” ಎಂದೇ ಹೇಳುತ್ತಾರೆ. ಬಿಟ್ಟ ಪುಸ್ತಕದ ಬಗ್ಗೆ ಕೇಳಿದಾಗ ಮಾತ್ರ ತಮ್ಮ ಅಭಿರುಚಿಯನ್ನು ಬಹಳ ನಿಖರವಾಗಿ ಬಿಚ್ಚಿಡುತ್ತಾರೆ. ಅತ್ತಿಗೆ ಕೊಟ್ಟ ಉತ್ತರವನ್ನು ಹಾಗೆಯೇ ಬರೆದುಕೊಂಡೆ: “ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಾಗದೆ ಹತ್ತು ಪುಟ ಓದಿಸಿದರೆ ನನಗೆ ಸಿಟ್ಟು ಬರುತ್ತದೆ.”

ನಾಲ್ಕನೆಯ ವಾರ

ಅತ್ತಿಗೆಯವರ ಆ ಮಾತನ್ನು ಹಿಡಿದುಕೊಂಡು ‘ಡ್ಯೂನ್’ನ ಆರಂಭವನ್ನು ಮತ್ತೆ ತೆರೆದೆ. ಕೈಯಲ್ಲಿ ಪೆನ್ಸಿಲ್ ಇಟ್ಟುಕೊಂಡು, ಆ ಕಥಾಲೋಕಕ್ಕೆ ಮಾತ್ರ ಸೇರಿದ, ಅಲ್ಲಿಯೇ ಅರ್ಥ ಬಿಡಿಸಿ ಹೇಳದ ಒಂದೊಂದು ಮಾತಿನ ಕೆಳಗೂ ಗೆರೆ ಎಳೆಯುತ್ತ ಹೋದೆ. ಅರಾಕಿಸ್, ಕ್ಯಾಲಡನ್, ಬೆನೆ ಗೆಸೆರಿಟ್, ಕ್ವಿಸಾಟ್ಜ್ ಹಾಡೆರಾಕ್, ಗೋಮ್ ಜಬ್ಬಾರ್. ಪುಸ್ತಕದ ಕೊನೆಯಲ್ಲಿ ಶಬ್ದಾರ್ಥಗಳ ಪಟ್ಟಿಯೇ ಇದೆ. ಅರ್ಥ ತಿಳಿಯದ ಹೆಸರುಗಳ ನಡುವೆ ತೇಲುವುದು ನನಗೆ ಆನಂದ, ಏಕೆಂದರೆ ಮುಂದೆಲ್ಲೋ ಅವು ಬಿಡಿಸಿಕೊಳ್ಳುತ್ತವೆ ಎಂಬ ನಂಬಿಕೆ ಈ ಬಗೆಯ ಕಾದಂಬರಿಗಳನ್ನು ಓದಿ ಓದಿ ನನಗೆ ಬಂದಿದೆ. ಅತ್ತಿಗೆಯವರಿಗೆ ಆ ಅಭ್ಯಾಸವಿಲ್ಲ, ಮತ್ತು ಪತ್ತೇದಾರಿ ಕಾದಂಬರಿಗಳ ಓದುಗರಾದ ಅವರು ಪ್ರತಿಯೊಂದು ಹೆಸರನ್ನೂ ನೆನಪಿಡಬೇಕಾದ ಸುಳಿವೆಂದೇ ಭಾವಿಸಿ ಓದಿರುತ್ತಾರೆ. ಐದು ಪುಟಗಳಲ್ಲಿ ಅಷ್ಟು ಸುಳಿವುಗಳನ್ನು ಯಾರು ತಾನೆ ಹೊತ್ತುಕೊಂಡು ಹೋಗಬಲ್ಲರು?

ಅಂದಿನಿಂದ ಪ್ರತಿಯೊಂದು ಪುಸ್ತಕಕ್ಕೂ ಈ ಪೆನ್ಸಿಲ್ ಪರೀಕ್ಷೆ ಮಾಡುತ್ತಿದ್ದೇನೆ. ಆ್ಯಂಡಿ ವಿಯರ್ ಅವರ ‘ದಿ ಮಾರ್ಷಿಯನ್’ನಲ್ಲಿ ಗೆರೆ ಎಳೆಯುವ ಕೆಲಸವೇ ಹೆಚ್ಚಿರಲಿಲ್ಲ, ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದ ಗಗನಯಾತ್ರಿ ತನ್ನ ದಿನಚರಿಯನ್ನು ಯಾರೋ ಮುಂದೆ ಓದಬಹುದೆಂದು ಬರೆಯುತ್ತಿರುವುದರಿಂದ ಎಲ್ಲವನ್ನೂ ತಾನೇ ವಿವರಿಸುತ್ತಾನೆ.

ಆರಂಭ ಎಷ್ಟು ಮುಖ್ಯ ಎಂಬುದಕ್ಕೆ ಲಿಯು ಸಿಷಿನ್ ಅವರ ‘ದಿ ಥ್ರೀ ಬಾಡಿ ಪ್ರಾಬ್ಲಮ್’ ಇನ್ನೊಂದು ಸಾಕ್ಷಿ. ಚೀನೀ ಭಾಷೆಯಲ್ಲಿ 2008ರಲ್ಲಿ ಪುಸ್ತಕವಾಗಿ ಬಂದಾಗ ಸಾಂಸ್ಕೃತಿಕ ಕ್ರಾಂತಿಯ ದೃಶ್ಯಗಳು ಒಳಪುಟಗಳಲ್ಲಿದ್ದವು. 2014ರಲ್ಲಿ ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದದಲ್ಲಿ, ಲೇಖಕರ ಮೂಲ ಉದ್ದೇಶದಂತೆಯೇ, ಅವು ಮೊದಲಿಗೆ ಬಂದವು. ಇದರಿಂದ ಓದುಗನಿಗೆ ಭೌತಶಾಸ್ತ್ರದ ಒಗಟಿಗಿಂತ ಮುಂಚೆ, ಕಣ್ಣೆದುರೇ ತಂದೆಯನ್ನು ಕಳೆದುಕೊಂಡ ಮಗಳೊಬ್ಬಳು ಸಿಗುತ್ತಾಳೆ. 2015ರಲ್ಲಿ ಹ್ಯೂಗೋ ಪಡೆದ ಈ ಕೃತಿ, ಆ ಪ್ರಶಸ್ತಿ ಗಳಿಸಿದ ಮೊದಲ ಅನುವಾದಿತ ಕಾದಂಬರಿ.

ಆರನೆಯ ವಾರ

ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಾದಂಬರಿ ಎಂದರೆ ಕಾಲಹರಣ ಎಂಬುದು ಅವನ ಗಟ್ಟಿ ಅಭಿಪ್ರಾಯವಾಗಿತ್ತು. ‘ದಿ ಮಾರ್ಷಿಯನ್’ ಕೊಟ್ಟ ನಾಲ್ಕನೆಯ ದಿನ ಫೋನ್ ಮಾಡಿ, “ಚಿಕ್ಕಪ್ಪ, ಇದರಲ್ಲಿ ಮೊದಲನೇ ಗಾಳಿಯೇ ತಪ್ಪು” ಎಂದ. ಅವನು ಹೇಳಿದ್ದು ಸರಿ. ಮಂಗಳದ ವಾತಾವರಣದ ಒತ್ತಡ ಭೂಮಿಯದರ 1 ಶೇಕಡಕ್ಕಿಂತ ಕಡಿಮೆ, ಆದ್ದರಿಂದ ಅಲ್ಲಿನ ಬಿರುಗಾಳಿ ಎಷ್ಟೇ ವೇಗವಾಗಿ ಬೀಸಿದರೂ ಕಥೆಯಲ್ಲಿರುವಂತೆ ನೌಕೆಯನ್ನು ಉರುಳಿಸುವಷ್ಟು ಬಲ ಅದಕ್ಕಿರುವುದಿಲ್ಲ. ಕಥೆಗಾಗಿ ಈ ರಿಯಾಯಿತಿ ತೆಗೆದುಕೊಂಡೆನೆಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ನಾನು ಕೇಳಿದೆ: “ಹಾಗಾದರೆ ಓದುವುದು ಬಿಟ್ಟೆಯಾ?” ಅವನು ಬಿಟ್ಟಿರಲಿಲ್ಲ. ಆಲೂಗಡ್ಡೆ ಬೆಳೆಯಲು ಬೇಕಾದ ನೀರನ್ನು ನಾಯಕ ರಾಕೆಟ್ ಇಂಧನದಿಂದ ತಯಾರಿಸುವ ಪುಟಗಳಲ್ಲಿದ್ದ, ಲೆಕ್ಕವನ್ನು ತಾನೂ ಕಾಗದದ ಮೇಲೆ ಮಾಡಿ ನೋಡುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಬಿಡಿಸಲು ಸಾಧ್ಯವಿರುವ ಸಮಸ್ಯೆ ಎಂಬುದು ಆಗ ಸ್ಪಷ್ಟವಾಯಿತು. ಮುಂದಿನ ಪುಸ್ತಕವಾಗಿ ‘ರಾಂಡೆವೂ ವಿತ್ ರಾಮ’ ಕೊಟ್ಟೆ. 50 ಕಿಲೋಮೀಟರ್ ಉದ್ದದ, ತನ್ನ ಸುತ್ತ ತಾನೇ ತಿರುಗುತ್ತಿರುವ ಒಂದು ಸಿಲಿಂಡರ್ ಸೌರಮಂಡಲದೊಳಗೆ ಬರುತ್ತದೆ, ಮನುಷ್ಯರು ಒಳಹೊಕ್ಕು ನೋಡುತ್ತಾರೆ. ಪಾತ್ರಗಳ ಮನಸ್ಸಿನೊಳಗೆ ಇಳಿಯುವ ಗೋಜಿಗೆ ಕ್ಲಾರ್ಕ್ ಹೋಗುವುದಿಲ್ಲ. ಒಳಗೋಡೆಯ ಮೇಲೆ ಸುತ್ತಲೂ ಹರಡಿದ ಸಮುದ್ರವನ್ನು ಕೆಳಗಿನಿಂದ ಮೇಲಕ್ಕೆ, ತಲೆಯ ಮೇಲಿನವರೆಗೆ ಕಣ್ಣು ಹಾಯಿಸಿ ನೋಡುವ ಬೆರಗೇ ಅಲ್ಲಿನ ನಿಜವಾದ ಕಥೆ. ಅಣ್ಣನ ಮಗ ಅದನ್ನು ಎರಡೇ ದಿನದಲ್ಲಿ ಮುಗಿಸಿದ. ಇದೇ ಪುಸ್ತಕವನ್ನು ಅತ್ತಿಗೆಯವರಿಗೆ ಕೊಡಬಾರದೆಂದು ಅಂದೇ ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆ.

ಏಳನೆಯ ವಾರ

ಇಬ್ಬರ ವಿಷಯ ಸುಲಭವಾಗಿ ಬಗೆಹರಿಯಿತು. ಇತಿಹಾಸವನ್ನಷ್ಟೇ ಓದುವ ನಿವೃತ್ತ ಸಹೋದ್ಯೋಗಿಯೊಬ್ಬರಿಗೆ ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಕೊಟ್ಟೆ. ರೋಮನ್ ಸಾಮ್ರಾಜ್ಯದ ಪತನದ ಬಗೆಗಿನ ಗಿಬ್ಬನ್‌ನ ಗ್ರಂಥವೇ ಅದಕ್ಕೆ ಪ್ರೇರಣೆ ಎಂದು ಒಂದು ಮಾತು ಹೇಳಿದ್ದು ಸಾಕಾಯಿತು. ರಾತ್ರಿ ಪಾಳಿಯಲ್ಲಿ ದುಡಿದು ದಣಿದು ಬರುವ ಗೆಳತಿಗೆ ಮಾರ್ತಾ ವೆಲ್ಸ್ ಅವರ ‘ಆಲ್ ಸಿಸ್ಟಮ್ಸ್ ರೆಡ್’ ಕೊಟ್ಟೆ. 2017ರ ಈ ಕಿರುಕಾದಂಬರಿಯಲ್ಲಿ ಕಾವಲಿಗಿರುವ ಯಂತ್ರಮಾನವವೊಂದು ತನ್ನನ್ನು ನಿಯಂತ್ರಿಸುವ ವ್ಯವಸ್ಥೆಯನ್ನು ಮುರಿದುಕೊಂಡು, ಸಿಕ್ಕ ಸ್ವಾತಂತ್ರ್ಯವನ್ನು ಧಾರಾವಾಹಿ ನೋಡಲು ಬಳಸುತ್ತದೆ. ಕೆಲಸ ಮುಗಿಸಿ ಬಂದು ಯಾರೊಡನೆಯೂ ಮಾತಾಡದೆ ಇರಬೇಕೆನ್ನಿಸುವ ಭಾವ ತನ್ನದೇ ಎಂದು ಅವಳು ಹೇಳಿದಳು. ದಣಿದವರಿಗೆ ಪುಸ್ತಕದ ಗಾತ್ರವೂ ಅಭಿರುಚಿಯ ಭಾಗವೇ ಎಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು.

ಒಂಬತ್ತನೆಯ ವಾರ

ಐದನೆಯ ಓದುಗ ನನ್ನ ಬಾಲ್ಯದ ಗೆಳೆಯ. ಕವಿತೆ ಮತ್ತು ಪ್ರವಾಸಕಥನ ಬಿಟ್ಟು ಬೇರೇನನ್ನೂ ಓದುವವನಲ್ಲ. ಅವನಿಗೆ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕೊಡುವಾಗ ನನಗೆ ಸಂಶಯವೇ ಇರಲಿಲ್ಲ. 1969ರ ಈ ಕಾದಂಬರಿಯಲ್ಲಿ ಸದಾ ಚಳಿಗಾಲವೇ ಇರುವ ಗ್ರಹಕ್ಕೆ ಒಬ್ಬ ರಾಯಭಾರಿ ಬರುತ್ತಾನೆ. ಅಲ್ಲಿನ ಜನರಲ್ಲಿ ಗಂಡು ಹೆಣ್ಣೆಂಬ ಸ್ಥಿರವಾದ ಭೇದವಿಲ್ಲ. ಕೊನೆಯ ಭಾಗದಲ್ಲಿ ಹಿಮನದಿಯ ಮೇಲೆ ಇಬ್ಬರೇ ಜಾರುಬಂಡಿ ಎಳೆದುಕೊಂಡು ಹೋಗುವ ಪಯಣವನ್ನು ಓದಿದ ಮೇಲೆ, ಮಂಜಿನ ಬಗ್ಗೆ ಬೇರೆ ಯಾರು ಬರೆದದ್ದೂ ನನಗೆ ಸಪ್ಪೆಯೆನ್ನಿಸಿದೆ.

ಗೆಳೆಯ ಎರಡನೆಯ ಅಧ್ಯಾಯದ ಆಚೆಗೆ ಹೋಗಲಿಲ್ಲ. ಕಾದಂಬರಿ ತೆರೆದುಕೊಳ್ಳುವುದು ಒಂದು ಮೆರವಣಿಗೆಯಿಂದ: ಮಳೆಯಲ್ಲಿ ನೆನೆದ ರಾಜಧಾನಿ, ಕಮಾನಿಗೆ ನಡುಗಲ್ಲು ಕೂರಿಸುವ ರಾಜ, ಸುತ್ತ ಆಸ್ಥಾನದ ಒಳಜಗಳ. ಅವನಿಗೆ ಅರಮನೆಯ ರಾಜಕೀಯದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲ. ಪುಸ್ತಕದ ಹೃದಯ ಅವನಿಗೆ ಹೇಳಿ ಮಾಡಿಸಿದಂತಿದ್ದರೂ ಅದರ ಬಾಗಿಲು ಬೇರೆ ಬಗೆಯ ಓದುಗನ ಕಡೆಗೆ ತೆರೆದಿತ್ತು. ಕೊಡುವ ಮೊದಲು “ಆರಂಭದ ಆಸ್ಥಾನವನ್ನು ತಾಳ್ಮೆಯಿಂದ ದಾಟು, ಕೊನೆಗೆ ಹಿಮ ಬರುತ್ತದೆ” ಎಂದು ಒಂದು ಮಾತು ಹೇಳಬೇಕಾಗಿತ್ತು. ಹೇಳದೆ ಕೊಟ್ಟದ್ದು ನನ್ನ ತಪ್ಪು. ಈಗ ನೋಟ್‌ಬುಕ್‌ನಲ್ಲಿ ‘ಬಾಗಿಲು’ ಎಂಬ ಹೊಸ ಕಲಂ ಸೇರಿಸಿ, ಪ್ರತಿ ಪುಸ್ತಕದ ಆರಂಭ ಅದರ ಉಳಿದ ಭಾಗದಂತೆಯೇ ಇದೆಯೇ ಎಂಬುದನ್ನು ದಾಖಲಿಸುತ್ತಿದ್ದೇನೆ.

ಹನ್ನೊಂದನೆಯ ವಾರ

ಗೆಳೆಯನಿಗಾಗಿ ಫ್ಯಾಂಟಸಿಯ ಕಡೆಗೆ ತಿರುಗಿದೆ. ಇಲ್ಲಿ ಎದುರಾಗುವ ಮೊದಲ ಅಡ್ಡಿ ಸರಣಿಗಳದು. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದರೂ ಅದು ಒಂದೇ ಕಾದಂಬರಿ. ಮೊದಲ ಸಂಪುಟಕ್ಕೆ ನಿಲ್ಲಿಸಿದರೆ ಕಥೆ ನಡುದಾರಿಯಲ್ಲಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಮಾಲೆಯಲ್ಲಿ 41 ಕಾದಂಬರಿಗಳಿದ್ದರೂ ಕ್ರಮವಾಗಿ ಓದಬೇಕೆಂಬ ಕಟ್ಟುಪಾಡಿಲ್ಲ. ಮೊದಲು ಪ್ರಕಟವಾದದ್ದರಿಂದಲೇ ಆರಂಭಿಸಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, 1989ರ ‘ಗಾರ್ಡ್ಸ್! ಗಾರ್ಡ್ಸ್!’ ಅದಕ್ಕಿಂತ ಎಷ್ಟೋ ಒಳ್ಳೆಯ ಪ್ರವೇಶ.

ಕೊನೆಗೆ ಗೆಳೆಯನಿಗೆ ಆರಿಸಿದ್ದು ಲೆ ಗ್ವಿನ್ ಅವರದೇ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. 1968ರಲ್ಲಿ ಎಳೆಯರಿಗಾಗಿ ಬರೆದ, ಗಾತ್ರದಲ್ಲಿ ಚಿಕ್ಕದಾದ ಈ ಪುಸ್ತಕದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವಿದೆ, ಆ ಹೆಸರನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಹಿಡಿತವಿದೆ. ಸರಿಯಾದ ಪದಕ್ಕಾಗಿ ದಿನಗಟ್ಟಲೆ ಹುಡುಕುವ ಕವಿತೆಯ ಓದುಗನಿಗೆ ಇದಕ್ಕಿಂತ ಹತ್ತಿರದ ಮಂತ್ರವಿದ್ಯೆ ಇನ್ನೊಂದಿಲ್ಲ. ದ್ವೀಪದಿಂದ ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಸಾಗುವ ಕಥೆಯಾದ್ದರಿಂದ ಪ್ರವಾಸಕಥನದ ಸುಖವೂ ಸಿಗುತ್ತದೆ. ಓದಿದ ಮೇಲೆ ಅವನು ಒಂದು ವಾಕ್ಯ ಬರೆದು ಕಳುಹಿಸಿದ: “ಅಟ್ಟಿಸಿಕೊಂಡು ಬರುವ ನೆರಳಿನ ಕಡೆಗೆ ಅವನು ತಿರುಗಿ ನಿಂತ ಜಾಗದಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ನಡೆದುಬಂದೆ.” ಹಿಮದ ಪುಸ್ತಕವನ್ನು ಮತ್ತೆ ಕೇಳಿ ತೆಗೆದುಕೊಂಡಿದ್ದಾನೆ.

ಹದಿನಾಲ್ಕನೆಯ ವಾರ

ಅತ್ತಿಗೆಯವರಿಗೆ ಎರಡು ಪುಸ್ತಕಗಳ ನಡುವೆ ಬಹಳ ತೂಗಾಡಿದೆ. ಒಂದು ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’. 1976ರಲ್ಲಿ ಬದುಕುತ್ತಿರುವ ಕಪ್ಪು ಮಹಿಳೆಯೊಬ್ಬಳು ಮತ್ತೆ ಮತ್ತೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್‌ಗೆ ಸೆಳೆಯಲ್ಪಡುತ್ತಾಳೆ. ಹೇಗೆ ಎಂಬುದಕ್ಕೆ ಯಂತ್ರವೂ ಇಲ್ಲ, ವಿವರಣೆಯೂ ಇಲ್ಲ. ಅದರಲ್ಲಿ ವಿಜ್ಞಾನವಿಲ್ಲವೆಂದೇ ಬಟ್ಲರ್ ಅದನ್ನು ‘ಕಠೋರ ಫ್ಯಾಂಟಸಿ’ ಎಂದು ಕರೆದರು. ಸಾಮಾಜಿಕ ಕಾದಂಬರಿ ಓದುವವರಿಗೆ ಇದು ಸರಿಯಾದ ಪುಸ್ತಕವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅತ್ತಿಗೆಯವರಿಗೆ ಮೊದಲ ಪುಸ್ತಕದಲ್ಲಿ ಸ್ವಲ್ಪ ನೆಲೆ ಸಿಗಬೇಕು, ಅವರು ನುರಿತ ದಾರಿಯಲ್ಲೇ ಹೊಸ ಲೋಕಕ್ಕೆ ಹೋಗಬೇಕು ಎನ್ನಿಸಿ, ಅಸಿಮೋವ್ ಅವರ 1954ರ ‘ದಿ ಕೇವ್ಸ್ ಆಫ್ ಸ್ಟೀಲ್’ ಆರಿಸಿದೆ. ಅದು ಅಪ್ಪಟ ಕೊಲೆ ತನಿಖೆ. ಮುಚ್ಚಿದ ಮಹಾನಗರದೊಳಗೆ ಬೆಳೆದು ತೆರೆದ ಆಕಾಶಕ್ಕೆ ಹೆದರುವ ಪತ್ತೇದಾರನಿಗೆ ಜೊತೆಗಾರನಾಗಿ ಸಿಗುವುದು, ನೋಡಲು ಮನುಷ್ಯನಂತೆಯೇ ಇರುವ ಒಂದು ರೋಬೋಟ್.

ಪೆನ್ಸಿಲ್ ಪರೀಕ್ಷೆಯಲ್ಲಿ ಮೊದಲ ಪುಟದಲ್ಲಿ ಒಂದೇ ಒಂದು ಗೆರೆ ಬಿತ್ತು: ‘ಆರ್. ಸ್ಯಾಮಿ’. ಪತ್ತೇದಾರ ತನ್ನ ಮೇಜಿನ ಬಳಿಗೆ ಬರುತ್ತಾನೆ, ಅವನನ್ನೇ ನೋಡುತ್ತ ನಿಂತಿರುವ ಕಚೇರಿಯ ರೋಬೋಟ್ ಅದು. ಮನುಷ್ಯ ಹುಡುಗನೊಬ್ಬ ಮಾಡುತ್ತಿದ್ದ ಕೆಲಸಕ್ಕೆ ಅದು ಬಂದಿದೆ ಎಂಬುದು ಬಹುಬೇಗ ತಿಳಿಯುತ್ತದೆ.

ಭಾನುವಾರ ಸಂಜೆ ಪುಸ್ತಕ ಕೊಟ್ಟೆ. ಸೋಮವಾರ ಬೆಳಿಗ್ಗೆ ಅತ್ತಿಗೆ ಕೇಳಿದ ಮೊದಲ ಪ್ರಶ್ನೆ: “ಆ ರೋಬೋಟು ಬಂದ ಮೇಲೆ ಕೆಲಸ ಕಳೆದುಕೊಂಡ ಹುಡುಗನ ಗತಿ ಏನಾಯಿತೋ?” ನಾನು ಉತ್ತರ ಹೇಳಲಿಲ್ಲ. ಗುರುವಾರದ ಹೊತ್ತಿಗೆ ಕೊಲೆಗಾರ ಯಾರೆಂದು ಊಹಿಸಿ ಒಂದು ಚೀಟಿಯಲ್ಲಿ ಬರೆದು ಮಡಿಸಿ ನನ್ನ ಕೈಗಿತ್ತರು; ಪುಸ್ತಕ ಮುಗಿದ ಮೇಲೆ ತೆರೆದು ನೋಡಿದೆವು, ಊಹೆ ತಪ್ಪಿತ್ತು, ಆದರೆ ಅವರು ಬಹಳ ಸಂತೋಷದಲ್ಲಿದ್ದರು. ಅದೇ ಪತ್ತೇದಾರನ ಮುಂದಿನ ಕಥೆಯಿದೆಯೇ ಎಂದು ಕೇಳಿದರು. 1957ರ ‘ದಿ ನೇಕೆಡ್ ಸನ್’ ಇದೆ, ಒಬ್ಬರನ್ನೊಬ್ಬರು ಎದುರಾಬದುರು ಕಾಣುವುದಕ್ಕೇ ಅಸಹ್ಯಪಡುವ 20,000 ಜನರ ಗ್ರಹದಲ್ಲಿ ನಡೆದ ಕೊಲೆಯ ಕಥೆ ಎಂದೆ. “ಯಾರೂ ಯಾರ ಹತ್ತಿರವೂ ಹೋಗದಿದ್ದರೆ ಕೊಲೆ ಮಾಡಿದ್ದು ಹೇಗೆ?” ಎಂದು ಕೇಳಿ, ನಾನು ಕಪಾಟಿನಿಂದ ತೆಗೆಯುವ ಮೊದಲೇ ಕೈ ಚಾಚಿದರು. ‘ಕಿಂಡ್ರೆಡ್’ ಅದರ ನಂತರಕ್ಕೆಂದು ಅವರ ಹೆಸರಿನ ಮುಂದೆ ಬರೆದಿಟ್ಟಿದ್ದೇನೆ.