ಕೊಲ್ಹಾರ ಸೇತುವೆ ದಾಟಿದ ಹಾರ್ಡ್‌ಡಿಸ್ಕ್

ಸೋಮವಾರ ಮುಂಜಾನೆ ವಿಜಯಪುರ ಆಫೀಸಿಗೆ ಬಂದು ಹೈಪರ್-ವಿ (ಒಂದ ಸರ್ವರಿನ್ಯಾಗ ಹಲವು ವರ್ಚುವಲ್ ಕಂಪ್ಯೂಟರ್, ಅಂದ್ರ ವಿಎಂ, ನಡಸೋ ಸಾಫ್ಟ್‌ವೇರ್) ತೆಗೆದು ನೋಡಿದ್ರ ಅಕೌಂಟ್ಸ್ ವಿಎಂ ರೆಪ್ಲಿಕೇಶನ್ ಹೆಲ್ತ್ ಕ್ರಿಟಿಕಲ್, ರೀಸಿಂಕ್, ಅಂದ್ರ ಎರಡೂ ಕಡೆ ಡಿಸ್ಕ್ ಹೋಲಿಸಿ ಮತ್ತ ಸರಿ ಮಾಡೋದು, ಬೇಕಂತ. ಬಾಗಲಕೋಟಿ ನವನಗರ ಬ್ರಾಂಚಿನ್ಯಾಗ ನಮ್ಮ ಇನ್ನೊಂದು ಸರ್ವರ್ ಐತಿ, ಇಲ್ಲಿ ಬದಲಾಗಿದ್ದೆಲ್ಲಾ ಐದೈದು ನಿಮಿಷಕ್ಕ ಅಲ್ಲಿಗೆ ಹೋಗಬೇಕು, ಅದ ರೆಪ್ಲಿಕೇಶನ್. ನಾ ಮೊದ್ಲ ಬೈದದ್ದು ಇಂಟರ್ನೆಟ್ ಲೈನಿಗೆ, ಅದಕ್ಕ ಬೈಯೋದು ರೂಢಿನ ಆಗಿಬಿಟ್ಟೈತಿ. ನೋಡಿದ್ರ ಪಿಂಗ್ ಚಲೋ, ರೆಪ್ಲಿಕೇಶನ್ ಹೋಗೋ 443 ಪೋರ್ಟ್ ಓಪನ್, ಎರಡೂ ಸರ್ವರ್ ಒಂದನ್ನೊಂದು ಗುರುತು ಹಿಡಿಯೋ ಸರ್ಟಿಫಿಕೇಟಿಂದೂ ಡೇಟ್ ಮುಗಿದಿಲ್ಲ.

ಬ್ರಾಂಚಿನ ಹುಡುಗಗ ಫೋನ್ ಹಚ್ಚಿದೆ. "ಅಣ್ಣಾರ, ಶುಕ್ರವಾರ ಸಂಜಿಮುಂದ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಕೈ ಕೊಟ್ಟೈತ್ರಿ, ಈಗ ಬಂದು ಚಾಲೂ ಮಾಡೇನ್ರಿ" ಅಂದ.

ಆ ಕಡೆ ಬಂದ್ ಇದ್ರ ಈ ಕಡೆ ಬದಲಾವಣೆ ಎಲ್ಲಾ ಎಚ್‌ಆರ್‌ಎಲ್ ಅನ್ನೋ ಲಾಗ್ ಫೈಲಿನ್ಯಾಗ ಗುಡ್ಡಿ ಬೀಳ್ತಾವ, ಆ ಗುಡ್ಡಿ ಡಿಸ್ಕಿನ ಅರ್ಧ ಸೈಜ್ ದಾಟ್ತಂದ್ರ ರೀಸಿಂಕ್ ಬಿಟ್ರ ದಾರಿ ಇಲ್ಲ. ಆದ್ರ ಎರಡನೇ ಶನಿವಾರ, ರವಿವಾರ, ಯಾರೂ ಒಂದು ವೋಚರ್ ಹಾಕಿಲ್ಲ, 300 ಜಿಬಿ ಡಿಸ್ಕಿನ್ಯಾಗ 150 ಜಿಬಿ ಹೆಂಗ ಬದಲಾತು? ಅರ್ಧ ತಾಸು ತಲಿ ಕೆರಕೊಂಡ ಮ್ಯಾಲ ಡೇಟಾಬೇಸ್ ಡಂಪ್, ಅಂದ್ರ ಡೇಟಾಬೇಸಿನ ಪೂರ್ತಿ ಬ್ಯಾಕಪ್ ಕಾಪಿ, ನೆನಪಾತು. ದಿನಾ ರಾತ್ರಿ 60 ಜಿಬಿ ಹೊಸಾ ಫೈಲು, ಅದೂ ಅದೇ ಡಿಸ್ಕಿನ್ಯಾಗ, ಶೆಡ್ಯೂಲ್ ಹಾಕಿದಾಂವ ನಾನ! ಮೂರು ರಾತ್ರಿಗೆ 180 ಜಿಬಿ.

ರೀಸಿಂಕ್ ತಾನ ಶುರುವಾಗೋ ಡಿಫಾಲ್ಟ್ ಟೈಮ್ ಸಂಜಿ 6:30 ರಿಂದ ಮುಂಜಾನೆ 6, ನಮ್ಮ 20 ಎಂಬಿಪಿಎಸ್ ಲೈನಿನ್ಯಾಗ ಆ 180 ಜಿಬಿ ಹೋಗಾಕ 20 ತಾಸು ಬೇಕು, ಅದೂ ನಡುವ ಲೈನ್ ಕಡೀದಿದ್ರ. ಲೆಕ್ಕ ಹಾಕಿ, ಇದು ಆಗೂ ಮಾತಲ್ಲ ಅನಿಸ್ತು. ರೆಪ್ಲಿಕೇಶನ್ನ ತೆಗೆದು ಹಾಕಿ, ಡಂಪಿಗೆ ಬ್ಯಾರೆ ವರ್ಚುವಲ್ ಡಿಸ್ಕ್ ಮಾಡಿ, ರೆಪ್ಲಿಕೇಶನ್ ಮತ್ತ ಹಚ್ಚುಮುಂದ ಆ ಡಿಸ್ಕ್ ಬಾಗಲಕೋಟಿಗೆ ಹೋಗದಂಗ ಅದರ ಟಿಕ್ ತೆಗೆದೆ. ಮೊದಲನೇ ಕಾಪಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಾಕ ಬರ್ತೈತಿ, ಒಂದು ತಾಸಿನ್ಯಾಗ ಮುಗೀತು. ಟವೆಲ್‌ನ್ಯಾಗ ಸುತ್ತಿ ಬ್ಯಾಗಿಗೆ ಹಾಕ್ಕೊಂಡು ಬಸ್ ಹತ್ತಿದೆ. ಕೊಲ್ಹಾರದಾಗ ಮೊಸರಿನ ಗಡಗಿ ಹಿಡಕೊಂಡು ಒಬ್ಬಾಕಿ ಅಜ್ಜಿ ಬಾಜೂಕ ಬಂದು ಕುಂತ್ಲು, ಕೃಷ್ಣಾ ಹಿನ್ನೀರಿನ ಉದ್ದನೆ ಸೇತುವೆ ಮುಗಿಯೂತನಾ ಆಕಿ ಗಡಗಿ, ನಾ ಬ್ಯಾಗು, ಇಬ್ಬರೂ ತೊಡಿ ಮ್ಯಾಲ ಅವುಚಿಕೊಂಡು ಕುಂತಿದ್ವಿ.

ನವನಗರದಾಗ ಇಂಪೋರ್ಟ್ ಮಾಡಿ, ಚಾ ಕುಡದು ಬರೂದ್ರಾಗ ಉಳಿದ ಚೂರುಪಾರು ಲೈನ್ ಮ್ಯಾಲ ಬಂದು ಹೆಲ್ತ್ ನಾರ್ಮಲ್ ಆತು. ಸಾಹೇಬ್ರು ಫೋನ್ ಮಾಡಿ "ಏನಾಗಿತ್ತೋ?" ಅಂದ್ರು.

"ಯುಪಿಎಸ್ ಬ್ಯಾಟರಿ ಹೋಗಿತ್ರಿ ಸಾಹೇಬ್ರ" ಅಂದೆ. ಡಂಪಿನ ವಿಷಯ ಇನ್ನೂ ಹೇಳಿಲ್ಲ.