ಐದು ನಿಮಿಷದ ಪರದೆ

ಮುಖಕ್ಷೌರ ಮಾಡಿಕೊಳ್ಳುತ್ತಿದ್ದಾಗ ಬಲಗಣ್ಣಿಗೆ ಮೇಲಿನಿಂದ ಬೂದು ಪರದೆ ಇಳಿದಂತಾಯಿತು. ಎಡಗಣ್ಣು ಮುಚ್ಚಿದೆ. ಕನ್ನಡಿಯೂ ಇಲ್ಲ, ಮುಖವೂ ಇಲ್ಲ. ನೋವೆಂಬುದು ಎಳ್ಳಷ್ಟೂ ಇರಲಿಲ್ಲ. ಐದು ನಿಮಿಷದಲ್ಲಿ ಪರದೆ ತಾನಾಗಿಯೇ ಸರಿಯಿತು. ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡು ಸುಮ್ಮನಾದೆ. ಮನೆಯಲ್ಲಿ ಹೇಳಲೂ ಇಲ್ಲ.

ಹನ್ನೆರಡನೆಯ ದಿನ ರಾತ್ರಿ ಅದೇ ಪರದೆ ಮತ್ತೆ ಇಳಿಯಿತು. ಈ ಸಲ ಸರಿಯಲಿಲ್ಲ. ಮಗಳು ನನ್ನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, "ಎಷ್ಟು ಬೆರಳು ಅಪ್ಪಾ?" ಎಂದಳು. ಬೆರಳಿರಲಿ, ಕೈಯೇ ಕಾಣಲಿಲ್ಲ. ಅವಳು ಕೈಯನ್ನು ನನ್ನ ಕಿವಿಯ ಕಡೆಗೆ ಒಯ್ದಾಗ ಅಂಚಿನಲ್ಲಿ ಏನೋ ನೆರಳು ಅಲುಗಿತು, ಅಷ್ಟೇ. "ಈಗಲೇ ಆಸ್ಪತ್ರೆಗೆ ಹೋಗೋಣ" ಎಂದು ಅವಳು ಹಟ ಹಿಡಿದಳು. ನೋವಿಲ್ಲವಲ್ಲ, ಬೆಳಿಗ್ಗೆ ನೋಡೋಣ ಎಂದು ಮಲಗಿದವನು ನಾನು.

ಕಣ್ಣಿನ ವೈದ್ಯರು ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ, ಅಂದರೆ ರೆಟಿನಾ, ಬಿಳಿಚಿಕೊಂಡಿತ್ತು, ನಡುವೆ ಒಂದು ಕೆಂಪು ಚುಕ್ಕೆ. ಯಾವಾಗಿನಿಂದ ಎಂದು ಕೇಳಿದರು. ಹದಿಮೂರು ಗಂಟೆ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಕ್ತ ಸಿಗದಿದ್ದರೆ ರೆಟಿನಾ ತಾಳುವುದು ಹೆಚ್ಚೆಂದರೆ 4 ಗಂಟೆಯಂತೆ. "ಇದು ಕಣ್ಣಿನ ಪಾರ್ಶ್ವವಾಯು. ಇಲ್ಲಿ ಕೂರಬೇಡಿ, ಈಗಲೇ ಮೆದುಳಿನ ವೈದ್ಯರ ಬಳಿಗೆ ಹೋಗಿ" ಎಂದು ಚೀಟಿ ಬರೆದರು.

ಕಣ್ಣು ಕೆಟ್ಟರೆ ಕುತ್ತಿಗೆಯನ್ನೇಕೆ ಸ್ಕ್ಯಾನ್ ಮಾಡುತ್ತಾರೆ ಎಂಬುದು ಅಂದು ತಿಳಿಯಿತು. ಕುತ್ತಿಗೆಯ ಮೂಲಕ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳದ ಕವಲೇ ಕಣ್ಣಿಗೂ ಹೋಗುತ್ತದೆ. ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ನನ್ನ ಬಲಗಡೆಯ ನಾಳ ನೂರಕ್ಕೆ 80ರಷ್ಟು ಕಿರಿದಾಗಿತ್ತು. ಅಲ್ಲಿ ಕಟ್ಟಿದ್ದ ಕೊಬ್ಬಿನ ಚೂರೊಂದು ಕಳಚಿ ಕಣ್ಣಿನ ನಾಳಕ್ಕೆ ಸಿಕ್ಕಿಕೊಂಡಿತ್ತು. ಎಂಆರ್‌ಐಯಲ್ಲಿ ಮೆದುಳಿನಲ್ಲೂ ಎರಡು ಪುಟ್ಟ ಹೊಸ ಕಲೆಗಳು ಕಂಡವು. ಕೈಕಾಲು ಬೀಳದೆ ಉಳಿದದ್ದು ನನ್ನ ಪುಣ್ಯ. ಆ ಮೊದಲ ಐದು ನಿಮಿಷವೇ ಮುನ್ಸೂಚನೆ, ಅಂದೇ ಬಂದಿದ್ದರೆ ನಾಳವನ್ನು ಸರಿಪಡಿಸಿ ಕಣ್ಣನ್ನೂ ಉಳಿಸಲು ಅವಕಾಶವಿತ್ತು ಎಂದರು ವೈದ್ಯರು. ಈ ಮಾತನ್ನು ನೆನೆದಾಗಲೆಲ್ಲ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕುತ್ತಿಗೆಯ ಶಸ್ತ್ರಚಿಕಿತ್ಸೆ ಆಯಿತು. ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ತಪ್ಪದೆ ನುಂಗುತ್ತೇನೆ. ಬಲಗಣ್ಣು ಮರಳಲಿಲ್ಲ. ಒಂಟಿಗಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ನೀರು ಬಗ್ಗಿಸಿದರೆ ಲೋಟದ ಆಚೆಗೆ ಬೀಳುತ್ತದೆ. ಮಗಳು ಆ ರಾತ್ರಿಯ ಮಾತನ್ನು ಇಂದಿಗೂ ಎತ್ತಿಲ್ಲ. ನಾನು ಹೂಜಿ ಎತ್ತಿದರೆ ಸಾಕು, ಸದ್ದಿಲ್ಲದೆ ಬಂದು ಲೋಟವನ್ನು ಧಾರೆಯ ಕೆಳಗೆ ಸರಿಸಿ ಹೋಗುತ್ತಾಳೆ.